ಮನೆ ಕಟ್ಟುವ ಮುನ್ನ ಕರಾರು ಗಟ್ಟಿಯಾಗಿರಲಿ

ನಿರ್ಮಾಣ ಗುತ್ತಿಗೆ ಪತ್ರ ಬರೆಯುವ ಹಾಗೂ ನಿರ್ವಹಿಸುವ ಬಗೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಮನೆ ಕಟ್ಟುವವರ ಕಷ್ಟಗಳಲ್ಲಿ ಹೆಚ್ಚಿನವು ಇಟ್ಟಿಗೆ, ಸಿಮೆಂಟಿನಿಂದ ಹುಟ್ಟುವುದಿಲ್ಲ. ಮಾಲೀಕ ಮತ್ತು ಗುತ್ತಿಗೆದಾರರ ನಡುವೆ ಆರಂಭದಲ್ಲಿ ಏನು ಮಾತಾಗಿತ್ತು ಎಂಬ ಗೊಂದಲದಿಂದ ಹುಟ್ಟುತ್ತವೆ. ಜೀವಮಾನದ ಉಳಿತಾಯ, ಬ್ಯಾಂಕ್ ಸಾಲ, ಕೆಲವೊಮ್ಮೆ ಮನೆಯವರ ಒಡವೆಗಳೂ ಸೇರಿ ನಡೆಯುವ ಈ ವ್ಯವಹಾರವು ನಗರಗಳಲ್ಲಿ ಇಂದಿಗೂ ಒಂದೆರಡು ಪುಟಗಳ ಕರಾರಿನ ಮೇಲೆ, ಅನೇಕ ಕಡೆ ಬರಿಯ ಬಾಯಿಮಾತಿನ ಮೇಲೆ ನಿಂತಿರುತ್ತದೆ. ಕಾಮಗಾರಿ ಅರ್ಧದಲ್ಲಿ ನಿಂತರೆ ಮಾಲೀಕ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟಬೇಕಾಗುತ್ತದೆ. ಸಣ್ಣ ಗುತ್ತಿಗೆದಾರನಾದರೆ ಕೂಲಿಯವರಿಗೂ ಅಂಗಡಿಯವರಿಗೂ ತಾನೇ ಉತ್ತರ ಹೇಳಬೇಕಾಗುತ್ತದೆ.

ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸುವವರು ಗುತ್ತಿಗೆ ಪತ್ರದಲ್ಲಿ ಏನೇನು ಬರೆಯಬೇಕು, ಕೆಲಸ ನಡೆಯುವಾಗ ಏನು ಗಮನಿಸಬೇಕು, ತಕರಾರು ಬಂದರೆ ಎಲ್ಲಿಗೆ ಹೋಗಬೇಕು ಎಂಬ ವಿವರ ಇಲ್ಲಿದೆ.

ಬಾಯಿಮಾತು ಸಾಲದೇ?

1872ರ ಭಾರತೀಯ ಕರಾರು ಕಾಯಿದೆಯ 10ನೇ ಕಲಮಿನ ಪ್ರಕಾರ, ಕರಾರು ಮಾಡಿಕೊಳ್ಳಲು ಅರ್ಹರಾದವರು ಸ್ವಇಚ್ಛೆಯಿಂದ, ನ್ಯಾಯಸಮ್ಮತ ಉದ್ದೇಶ ಹಾಗೂ ಪ್ರತಿಫಲಕ್ಕಾಗಿ ಮಾಡಿಕೊಂಡ ಒಪ್ಪಂದ ಊರ್ಜಿತ. ಬಾಯಿಮಾತಿನ ಒಪ್ಪಂದವೂ ಇದಕ್ಕೆ ಹೊರತಲ್ಲ. ತೊಡಕಿರುವುದು ರುಜುವಾತಿನಲ್ಲಿ. ಬಾಗಿಲಿಗೆ ತೇಗದ ಮರ ಎಂದು ಮಾತಾಗಿತ್ತೇ, ಬೇರೆ ಮರವೆಂದೇ? ಕಾಂಪೌಂಡ್ ಗೋಡೆ ದರದಲ್ಲಿ ಸೇರಿತ್ತೇ, ಇಲ್ಲವೇ? ಎರಡು ವರ್ಷದ ನಂತರ ಇದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಬಹಳ ಕಷ್ಟ.

ಆದ್ದರಿಂದ ಕರಾರು ಲಿಖಿತವಾಗಿರಬೇಕು, ನಿಗದಿತ ಮುದ್ರಾಂಕ ಶುಲ್ಕ ಪಾವತಿಯಾಗಿರಬೇಕು. ಕರ್ನಾಟಕ ಮುದ್ರಾಂಕ ಕಾಯಿದೆ 1957ರ 34ನೇ ಕಲಮಿನಂತೆ ಸರಿಯಾದ ಶುಲ್ಕ ತೆರದ ಪತ್ರವನ್ನು, ಬಾಕಿ ಶುಲ್ಕ ಮತ್ತು ದಂಡ ಕಟ್ಟುವವರೆಗೆ, ಸಾಕ್ಷ್ಯವಾಗಿ ಸ್ವೀಕರಿಸಲಾಗದು. ಶುಲ್ಕದ ದರಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಸಹಿ ಮಾಡುವ ದಿನದ ದರವನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿ ತಿಳಿಯುವುದು ಲೇಸು.

ಪತ್ರ ಎರಡು ಪ್ರತಿಗಳಲ್ಲಿದ್ದು, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಮಾಡಬೇಕು. ಮಂಜೂರಾದ ನಕ್ಷೆ, ಕಟ್ಟಡ ವಿನ್ಯಾಸದ ರೇಖಾಚಿತ್ರಗಳು, ಸಾಮಗ್ರಿಗಳ ಪಟ್ಟಿ, ಪಾವತಿ ಪಟ್ಟಿ ಇವೆಲ್ಲವನ್ನೂ ಅನುಬಂಧಗಳೆಂದು ಹೆಸರಿಸಿ ಅವುಗಳಿಗೂ ಸಹಿ ಪಡೆಯಬೇಕು. ನಕ್ಷೆಯಲ್ಲಿ ಒಂದು, ಪಟ್ಟಿಯಲ್ಲಿ ಮತ್ತೊಂದು ಬರೆದಿದ್ದರೆ ಯಾವುದು ಅಂತಿಮ ಎಂಬುದನ್ನೂ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು.

ಗುತ್ತಿಗೆಯಲ್ಲಿ ಎಷ್ಟು ಬಗೆ?

ಮನೆ ನಿರ್ಮಾಣದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಗುತ್ತಿಗೆಗಳು ರೂಢಿಯಲ್ಲಿವೆ.

ಮೊದಲನೆಯದು ಕೂಲಿ ಗುತ್ತಿಗೆ. ಸಿಮೆಂಟ್, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆ ಎಲ್ಲವನ್ನೂ ಮಾಲೀಕನೇ ಒದಗಿಸುತ್ತಾನೆ. ಮೇಸ್ತ್ರಿ ಆಳುಗಳನ್ನು ತಂದು ಕೆಲಸ ಮಾಡಿಸುತ್ತಾನೆ. ಸಾಮಗ್ರಿಯ ಗುಣಮಟ್ಟ ಮಾಲೀಕನ ಹಿಡಿತದಲ್ಲಿರುತ್ತದೆ. ಆದರೆ ದಿನವೂ ಸ್ಥಳದಲ್ಲಿರಲು ಸಮಯವಿಲ್ಲದವರಿಗೆ ಇದು ಹೊರೆ. ಸಾಮಗ್ರಿ ಬರುವುದು ತಡವಾಗಿ ಆಳುಗಳು ಸುಮ್ಮನೆ ಕುಳಿತರೆ ಆ ದಿನದ ಕೂಲಿ ಯಾರದು, ಸಿಮೆಂಟ್ ಪೋಲಾದರೆ ಹೊಣೆ ಯಾರದು ಎಂಬುದನ್ನು ಬರೆದುಕೊಳ್ಳಬೇಕು.

ಎರಡನೆಯದು ಸಾಮಗ್ರಿ ಸಹಿತ ಗುತ್ತಿಗೆ. ಚದರಡಿಗೆ ಇಂತಿಷ್ಟು ಅಥವಾ ಚದರಕ್ಕೆ, ಅಂದರೆ ನೂರು ಚದರಡಿಗೆ, ಇಂತಿಷ್ಟು ಎಂದು ದರ ನಿಗದಿಯಾಗುತ್ತದೆ. ನಗರಗಳಲ್ಲಿ ಹೆಚ್ಚು ಪ್ರಚಲಿತವಾಗಿರುವುದು ಇದೇ. ತಕರಾರುಗಳೂ ಇದರಲ್ಲೇ ಹೆಚ್ಚು.

ಮೂರನೆಯದು ಬಾಬುವಾರು ದರದ ಗುತ್ತಿಗೆ. ಪಾಯ ಅಗೆತಕ್ಕೆ ಘನ ಮೀಟರಿಗೆ ಇಷ್ಟು, ಗಾರೆಗೆ ಚದರ ಮೀಟರಿಗೆ ಇಷ್ಟು, ಕಬ್ಬಿಣದ ಕೆಲಸಕ್ಕೆ ಕಿಲೋಗೆ ಇಷ್ಟು ಎಂದು ಪ್ರತ್ಯೇಕ ದರ ಬರೆದು, ಆದ ಕೆಲಸವನ್ನು ಅಳೆದು ಹಣ ಕೊಡಲಾಗುತ್ತದೆ. ಅಳತೆಯ ವಿಧಾನಕ್ಕೆ ಭಾರತೀಯ ಮಾನಕ ಐಎಸ್ 1200 ಇದೆ. ಸರ್ಕಾರಿ ಕಾಮಗಾರಿಗಳಲ್ಲಿ ಈ ಪದ್ಧತಿ ಸಾಮಾನ್ಯ. ರಾಜ್ಯದಲ್ಲಿ ಅವುಗಳಿಗಾಗಿ ಕೆಡಬ್ಲ್ಯು-1, ಕೆಡಬ್ಲ್ಯು-4 ಮುಂತಾದ ಮಾದರಿ ಟೆಂಡರ್ ದಾಖಲೆಗಳು ಬಳಕೆಯಲ್ಲಿವೆ. ಖಾಸಗಿ ಮನೆಗೆ ಅವುಗಳನ್ನು ಇಡಿಯಾಗಿ ಅಳವಡಿಸಬೇಕಿಲ್ಲವಾದರೂ ಅಳತೆ, ಹೆಚ್ಚುವರಿ ಕೆಲಸ, ವಿಳಂಬ ಕುರಿತ ಅವುಗಳ ಷರತ್ತುಗಳ ಚೌಕಟ್ಟನ್ನು ಎರವಲು ಪಡೆಯಬಹುದು.

ಚದರಡಿ ಲೆಕ್ಕದ ಒಳಸುಳಿ

ಚದರಡಿ ದರದ ಗುತ್ತಿಗೆಯಲ್ಲಿ ದರಕ್ಕಿಂತ ಮೊದಲು ಬರೆಯಬೇಕಾದದ್ದು ಯಾವುದನ್ನು ಅಳೆಯಬೇಕು ಎಂಬುದು. ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುವುದು ವಾಡಿಕೆ. ಆದರೆ ಬಾಲ್ಕನಿ, ಪೋರ್ಟಿಕೊ, ಮೆಟ್ಟಿಲು, ತಾರಸಿಯ ಮೇಲಿನ ಹೆಡ್‌ರೂಂ, ಸಜ್ಜಾ, ತೆರೆದ ನಡುಮನೆ ಇವುಗಳಿಗೆ ಪೂರ್ಣ ದರವೇ, ಅರ್ಧ ದರವೇ, ಲೆಕ್ಕವೇ ಇಲ್ಲವೇ ಎಂಬ ಬಗ್ಗೆ ಒಬ್ಬೊಬ್ಬ ಗುತ್ತಿಗೆದಾರನದು ಒಂದೊಂದು ಪದ್ಧತಿ.

ಉದಾಹರಣೆಗೆ, ಚದರಡಿಗೆ 2,000 ರೂ. ದರದಲ್ಲಿ 1,800 ಚದರಡಿಯ ಮನೆ ಎಂದಿಟ್ಟುಕೊಳ್ಳೋಣ. ಗುತ್ತಿಗೆಯ ಮೊತ್ತ 36 ಲಕ್ಷ ರೂ. ಮಾಲೀಕ ಅರ್ಧ ದರವೆಂದು ನಂಬಿದ್ದ 120 ಚದರಡಿ ಬಾಲ್ಕನಿಗೆ ಗುತ್ತಿಗೆದಾರ ಪೂರ್ಣ ದರ ಹಾಕಿದರೆ ಅದೊಂದರಿಂದಲೇ 1.2 ಲಕ್ಷ ರೂ. ವ್ಯತ್ಯಾಸ ಬರುತ್ತದೆ.

ಸಂಪು, ಮೇಲಿನ ನೀರಿನ ತೊಟ್ಟಿ, ಕಾಂಪೌಂಡ್ ಗೋಡೆ, ಗೇಟು, ಮಳೆನೀರು ಸಂಗ್ರಹ ವ್ಯವಸ್ಥೆ, ಒಳಚರಂಡಿ ಜೋಡಣೆ, ಕೊಳವೆಬಾವಿ, ಪಾಯ ಅಗೆದ ಮಣ್ಣಿನ ಸಾಗಣೆ, ಕಟ್ಟಡದ ತ್ಯಾಜ್ಯ ತೆರವು ಇವು ದರದಲ್ಲಿ ಸೇರಿವೆಯೇ ಎಂಬುದನ್ನು ಒಂದೊಂದಾಗಿ ಹೆಸರಿಸಿ ಬರೆಯಬೇಕು. ಪಾಯದ ಆಳ ವಿಶೇಷ ಗಮನ ಬೇಡುತ್ತದೆ. ಐದು ಅಡಿಗೆ ಗಟ್ಟಿ ನೆಲ ಸಿಗಬಹುದೆಂದು ದರ ಹೇಳಿ, ಅಗೆದಾಗ ತುಂಬಿದ ಮಣ್ಣೋ ಬಂಡೆಯೋ ಸಿಕ್ಕರೆ ಖರ್ಚು ಏರುತ್ತದೆ. ಇಂತಿಷ್ಟು ಅಡಿಯವರೆಗೆ ದರದಲ್ಲಿ ಸೇರಿದೆ, ಅದಕ್ಕೂ ಕೆಳಗೆ ಹೋದರೆ ಘನ ಅಡಿಗೆ ಇಂತಿಷ್ಟು ಎಂದು ಮೊದಲೇ ಬರೆದರೆ ಇಬ್ಬರಿಗೂ ನೆಮ್ಮದಿ. ಸಾಧ್ಯವಿದ್ದಲ್ಲಿ ಕರಾರಿಗೆ ಮುನ್ನವೇ ಮಣ್ಣು ಪರೀಕ್ಷೆ ಮಾಡಿಸುವುದು ಇನ್ನೂ ಉತ್ತಮ.

'ಉತ್ತಮ ಗುಣಮಟ್ಟ' ಎಂದರೆ ಏನು?

ಅನೇಕ ಕರಾರುಗಳಲ್ಲಿ 'ಉತ್ತಮ ಗುಣಮಟ್ಟದ ಸಾಮಗ್ರಿ ಬಳಸತಕ್ಕದ್ದು' ಎಂಬ ಒಂದು ಸಾಲು ಇರುತ್ತದೆ. ಇದಕ್ಕೆ ಅರ್ಥವೇ ಇಲ್ಲ. ಕಂಪನಿ, ದರ್ಜೆ, ಗಾತ್ರ, ಮಾನಕ ಸಂಖ್ಯೆ ಇದ್ದರೆ ಮಾತ್ರ ಆ ಷರತ್ತನ್ನು ಜಾರಿಗೆ ತರಲು ಸಾಧ್ಯ.

ಕಾಂಕ್ರೀಟಿಗೆ ಐಎಸ್ 456:2000 ಆಧಾರ. ಅದರಂತೆ ಕಬ್ಬಿಣ ಬಳಸಿದ ಕಾಂಕ್ರೀಟು ಕನಿಷ್ಠ ಎಂ-20 ದರ್ಜೆಯದಾಗಿರಬೇಕು. ವಿನ್ಯಾಸ ಮಾಡಿದ ಎಂಜಿನಿಯರ್ ಹೆಚ್ಚಿನ ದರ್ಜೆ ಸೂಚಿಸಿದ್ದರೆ ಅದನ್ನೇ ಬರೆಯಬೇಕು. ಕಬ್ಬಿಣಕ್ಕೆ ಐಎಸ್ 1786ರ ಅನ್ವಯ ದರ್ಜೆಯನ್ನು, ಸಿಮೆಂಟಿಗೆ ಬಗೆ ಮತ್ತು ಒಪ್ಪಿಗೆಯಾದ ಎರಡು ಮೂರು ಕಂಪನಿಗಳ ಹೆಸರನ್ನು ನಮೂದಿಸಬೇಕು. ಗೋಡೆಗೆ ಇಟ್ಟಿಗೆಯೇ, ಕಾಂಕ್ರೀಟ್ ಬ್ಲಾಕ್ ಆದರೆ ಆರು ಇಂಚಿನದೇ, ಎಂಟು ಇಂಚಿನದೇ? ಗಾರೆಗೆ ಸಿಮೆಂಟು ಮತ್ತು ಮರಳಿನ ಪ್ರಮಾಣವೆಷ್ಟು? ಇವೆಲ್ಲ ಬರಹದಲ್ಲಿರಬೇಕು.

ಟೈಲ್ಸ್, ಗ್ರಾನೈಟ್, ನಲ್ಲಿ, ಸ್ನಾನಗೃಹದ ಸಾಮಾನುಗಳನ್ನು ಮಾಲೀಕರು ನಂತರ ಆರಿಸುವುದು ವಾಡಿಕೆ. ಇಂಥವಕ್ಕೆ ಮೂಲ ಬೆಲೆಯ ಮಿತಿ ಹಾಕಬೇಕು. 'ಟೈಲ್ಸ್ ಚದರಡಿಗೆ 60 ರೂ.ವರೆಗೆ' ಎಂದಷ್ಟೇ ಬರೆದರೆ ಸಾಲದು. ಅದರಲ್ಲಿ ತೆರಿಗೆ ಮತ್ತು ಸಾಗಣೆ ಸೇರಿದೆಯೇ, ಕಡಿಮೆ ಬೆಲೆಯದನ್ನು ಆರಿಸಿದರೆ ಉಳಿದ ಹಣ ಮಾಲೀಕನಿಗೆ ವಾಪಸೇ ಎಂಬುದೂ ಬೇಕು. ವಿದ್ಯುತ್ ಕೆಲಸದಲ್ಲಿ ಯಾವ ಕೋಣೆಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿ, ಹೆಚ್ಚುವರಿ ಪಾಯಿಂಟಿನ ದರ ಇರಬೇಕು.

ಹಣ ಕೊಡುವ ಕ್ರಮ

ಪಾವತಿಯ ಮೂಲಸೂತ್ರ ಸರಳ: ಕೊಟ್ಟ ಹಣ ಯಾವ ಹಂತದಲ್ಲೂ ಆದ ಕೆಲಸಕ್ಕಿಂತ ಬಹಳ ಮುಂದೆ ಇರಬಾರದು. ಮುಂಗಡವಾಗಿ ಮೂರನೇ ಒಂದು ಪಾಲು ಪಡೆದ ಗುತ್ತಿಗೆದಾರ ಅದನ್ನು ಮತ್ತೊಂದು ಸೈಟಿನ ಕೆಲಸಕ್ಕೆ ತೊಡಗಿಸಿದರೆ ಮಾಲೀಕನಿಗೆ ಹಿಡಿತವೇ ಉಳಿಯುವುದಿಲ್ಲ. ಹಾಗೆಂದು ಮುಂಗಡವನ್ನೇ ಕೊಡದಿದ್ದರೆ ಸಣ್ಣ ಗುತ್ತಿಗೆದಾರ ಸೆಂಟ್ರಿಂಗ್ ಸಾಮಾನು, ಆಳುಗಳನ್ನು ಹೊಂದಿಸುವುದು ಕಷ್ಟ.

ನೆಲ ಮತ್ತು ಮೊದಲ ಅಂತಸ್ತಿನ ಮನೆಗೆ ಒಂದು ಮಾದರಿ ಹೀಗಿರಬಹುದು:

ಮುಂಗಡ - ಶೇ 5
ಪಾಯದಿಂದ ಪ್ಲಿಂತ್‌ವರೆಗೆ - ಶೇ 15
ನೆಲ ಅಂತಸ್ತಿನ ತಾರಸಿ - ಶೇ 20
ಮೊದಲ ಅಂತಸ್ತಿನ ತಾರಸಿ - ಶೇ 20
ಗೋಡೆಗಳ ಮುಕ್ತಾಯ - ಶೇ 10
ಗಾರೆ, ಪೈಪು, ವೈರಿಂಗ್ - ಶೇ 10
ನೆಲಹಾಸು, ಬಾಗಿಲು, ಕಿಟಕಿ - ಶೇ 10
ಬಣ್ಣ ಮತ್ತು ಹಸ್ತಾಂತರ - ಶೇ 5
ತಡೆಹಿಡಿದ ಹಣ - ಶೇ 5

36 ಲಕ್ಷ ರೂ. ಗುತ್ತಿಗೆಯಲ್ಲಿ ತಡೆಹಿಡಿದ ಹಣ 1.8 ಲಕ್ಷ ರೂ. ಆಗುತ್ತದೆ. ಹಸ್ತಾಂತರದ ನಂತರ ಒಂದು ಮಳೆಗಾಲ ಕಳೆದು, ಸೋರಿಕೆ, ಬಿರುಕು ಸರಿಪಡಿಸಿದ ಮೇಲೆ ಇದನ್ನು ಕೊಡುವುದು ಸೂಕ್ತ. ಪ್ರತಿ ಹಂತದಲ್ಲೂ 'ಮುಗಿದಿದೆ' ಎಂದು ದೃಢೀಕರಿಸುವವರು ಯಾರು, ದೃಢೀಕರಿಸಿದ ಎಷ್ಟು ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಎಷ್ಟು ಎಂಬುದನ್ನೂ ಬರೆಯಬೇಕು. ಇದು ಗುತ್ತಿಗೆದಾರನ ರಕ್ಷಣೆಗೆ ಅಗತ್ಯ. ಗೃಹಸಾಲ ಪಡೆದವರು ಬ್ಯಾಂಕು ಹಣ ಬಿಡುಗಡೆ ಮಾಡುವ ಹಂತಗಳಿಗೆ ಈ ಪಟ್ಟಿಯನ್ನು ಹೊಂದಿಸದಿದ್ದರೆ, ಕೆಲಸ ಮುಗಿದರೂ ಕೈಯಲ್ಲಿ ಹಣವಿಲ್ಲದ ಸ್ಥಿತಿ ಬರುತ್ತದೆ.

ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಬೇಕು. ಒಂದೇ ವ್ಯವಹಾರಕ್ಕೆ ಸಂಬಂಧಿಸಿ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ನಿಷೇಧಿಸಿದೆ. ದಂಡ ಬೀಳುವುದು ಹಣ ಪಡೆದವರಿಗೆ. ಒಬ್ಬ ಗುತ್ತಿಗೆದಾರನಿಗೆ ಒಂದು ವರ್ಷದಲ್ಲಿ ಕೊಡುವ ಹಣ 50 ಲಕ್ಷ ರೂ. ಮೀರಿದರೆ ಮಾಲೀಕ ಮೂಲದಲ್ಲೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಈ ದರ 2024ರ ಅಕ್ಟೋಬರ್ 1ರಿಂದ ಶೇ 5ರ ಬದಲು ಶೇ 2 ಆಗಿದೆ.

ತೆರಿಗೆ ಮತ್ತು ಬೆಲೆ ಏರಿಕೆ

ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಿಂದ ಜಾರಿಯಲ್ಲಿದೆ. ನೋಂದಾಯಿತ ಗುತ್ತಿಗೆದಾರ ಸಾಮಗ್ರಿ ಸಹಿತವಾಗಿ ಮನೆ ಕಟ್ಟಿಕೊಟ್ಟರೆ ಶೇ 18ರಷ್ಟು ತೆರಿಗೆ ಬೀಳುತ್ತದೆ. ವಸತಿ ಸಮುಚ್ಚಯದ ಭಾಗವಲ್ಲದ ಒಂಟಿ ಮನೆಯ ಕೇವಲ ಕೂಲಿ ಗುತ್ತಿಗೆಗೆ ವಿನಾಯಿತಿ ಇದೆ. 36 ಲಕ್ಷ ರೂ. ಮೇಲೆ ಶೇ 18 ಎಂದರೆ 6.48 ಲಕ್ಷ ರೂ. ದರದಲ್ಲಿ ತೆರಿಗೆ ಸೇರಿದೆಯೇ, ಪ್ರತ್ಯೇಕವೇ ಎಂಬ ಒಂದು ಪದ ಬಿಟ್ಟುಹೋದರೆ ಎಷ್ಟು ದೊಡ್ಡ ಜಗಳಕ್ಕೆ ದಾರಿಯಾದೀತು ಎಂಬುದನ್ನು ಊಹಿಸಬಹುದು.

ಕೆಲಸದ ನಡುವೆ ತೆರಿಗೆ ದರ ಬದಲಾದರೆ? 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಏರಿಕೆಯಾಗಲಿ ಇಳಿಕೆಯಾಗಲಿ ಅದರ ಲಾಭ ನಷ್ಟ ಯಾರಿಗೆ ಸೇರಬೇಕೆಂಬ ಷರತ್ತು ಇದ್ದ ಕರಾರಿನಲ್ಲಿ ಇಂತಹ ಬದಲಾವಣೆ ಲೆಕ್ಕದಿಂದಲೇ ಬಗೆಹರಿಯುತ್ತದೆ. ಇಲ್ಲದಿದ್ದಲ್ಲಿ ಚೌಕಾಸಿಗೆ ಬೀಳುತ್ತದೆ.

ಬೆಲೆ ಏರಿಕೆಗೂ ಇದೇ ಕ್ರಮ. ಎಲ್ಲ ಸಾಮಗ್ರಿಗಳಿಗೂ ಏರಿಕೆ ಒಪ್ಪಿಕೊಂಡರೆ ಮೊತ್ತಕ್ಕೆ ಮಿತಿಯೇ ಇರುವುದಿಲ್ಲ. ಯಾವುದಕ್ಕೂ ಒಪ್ಪದಿದ್ದರೆ ಗುತ್ತಿಗೆದಾರ ನಷ್ಟ ತುಂಬಿಕೊಳ್ಳಲು ಗುಣಮಟ್ಟದಲ್ಲಿ ಕೈ ಬಿಗಿ ಹಿಡಿಯುವ ಅಪಾಯವಿದೆ. ಸಿಮೆಂಟ್ ಮತ್ತು ಕಬ್ಬಿಣಕ್ಕೆ ಮಾತ್ರ ಸಹಿ ಮಾಡಿದ ದಿನದ ಬೆಲೆಯನ್ನು ಕರಾರಿನಲ್ಲಿ ನಮೂದಿಸಿ, ಶೇ 5ಕ್ಕಿಂತ ಹೆಚ್ಚು ಏರಿದರೆ ಅಥವಾ ಇಳಿದರೆ ಅದಕ್ಕೆ ಮೀರಿದ ವ್ಯತ್ಯಾಸವನ್ನು ಬಿಲ್ಲಿನ ಆಧಾರದ ಮೇಲೆ ಹೊಂದಿಸಿಕೊಳ್ಳುವುದು ಮಧ್ಯಮ ಮಾರ್ಗ. ಗುತ್ತಿಗೆದಾರನ ತಪ್ಪಿನಿಂದ ತಡವಾದ ಅವಧಿಯ ಏರಿಕೆಗೆ ಮಾಲೀಕ ಹೊಣೆಯಲ್ಲ ಎಂಬ ಸಾಲೂ ಜತೆಗಿರಲಿ.

ಅವಧಿ, ವಿಳಂಬ, ಪರಿಹಾರ

ಮುಗಿಸುವ ದಿನಾಂಕವನ್ನೇ ಹಾಕದ ಕರಾರುಗಳಿವೆ. ಆಗ 46ನೇ ಕಲಮಿನಂತೆ 'ಯುಕ್ತ ಕಾಲ'ದೊಳಗೆ ಮುಗಿಸಬೇಕೆಂದು ಕಾನೂನು ಹೇಳುತ್ತದೆ. ಆದರೆ ಯುಕ್ತ ಕಾಲ ಎಷ್ಟೆಂಬುದೇ ವಾದದ ವಿಷಯ. ಆರಂಭದ ದಿನ, ಮುಗಿಯುವ ದಿನ, ನಡುವಿನ ಮೂರು ನಾಲ್ಕು ಹಂತಗಳ ದಿನಾಂಕಗಳು ಕರಾರಿನಲ್ಲಿರಬೇಕು. ಮಳೆಗಾಲವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಲ್ಲಿ ಮಳೆ ಬರುವುದು ಅನಿರೀಕ್ಷಿತವೇನಲ್ಲ. ಪ್ರವಾಹ, ಸರ್ಕಾರಿ ನಿಷೇಧ, 2020ರ ಲಾಕ್‌ಡೌನ್‌ನಂತಹ ಸಂದರ್ಭಗಳಿಗೆ ಅವಧಿ ವಿಸ್ತರಣೆ ಎಷ್ಟು, ಅದನ್ನು ಎಷ್ಟು ದಿನದೊಳಗೆ ಲಿಖಿತವಾಗಿ ಕೇಳಬೇಕು ಎಂಬುದೂ ಬೇಕು.

ತಡವಾದರೆ ವಾರಕ್ಕೆ ಇಂತಿಷ್ಟು ಪರಿಹಾರ ಎಂದು ಬರೆಯುವುದು ರೂಢಿ. 36 ಲಕ್ಷದ ಗುತ್ತಿಗೆಗೆ ವಾರಕ್ಕೆ ಶೇ 0.5, ಗರಿಷ್ಠ ಶೇ 5 ಎಂದಿದ್ದರೆ ವಾರಕ್ಕೆ 18,000 ರೂ.ನಂತೆ ಹತ್ತು ವಾರಗಳಲ್ಲಿ 1.8 ಲಕ್ಷ ರೂ. ಮಿತಿ ತಲುಪುತ್ತದೆ. ಆದರೆ ಬರೆದದ್ದೆಲ್ಲ ಹಾಗೆಯೇ ಸಿಗುತ್ತದೆ ಎಂದು ಭಾವಿಸುವಂತಿಲ್ಲ. ಕರಾರು ಕಾಯಿದೆಯ 74ನೇ ಕಲಮಿನಂತೆ, ಬರೆದ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರವನ್ನಷ್ಟೇ ನ್ಯಾಯಾಲಯ ಕೊಡಿಸುತ್ತದೆ. 1963ರ ಫತೇಹ್ ಚಂದ್ ಪ್ರಕರಣದಿಂದ 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ. ಆದ್ದರಿಂದ 'ಮಾಲೀಕರ ಈಗಿನ ಮನೆ ಬಾಡಿಗೆ ಇಷ್ಟು, ಸಾಲದ ಬಡ್ಡಿ ಇಷ್ಟು' ಎಂದು ಆ ಮೊತ್ತದ ಆಧಾರವನ್ನು ಕರಾರಿನಲ್ಲೇ ಕಾಣಿಸುವುದು ಜಾಣತನ.

ಬಹುಮಂದಿಗೆ ತಿಳಿಯದ ಇನ್ನೊಂದು ಅಂಶ 55ನೇ ಕಲಮಿನಲ್ಲಿದೆ. ಸಮಯವೇ ಮುಖ್ಯವೆಂದು ಒಪ್ಪಿದ ಕರಾರಿನಲ್ಲೂ, ತಡವಾಗಿ ಮುಗಿಸಿದ ಕೆಲಸವನ್ನು ಮಾಲೀಕ ಒಪ್ಪಿಕೊಂಡರೆ, ಒಪ್ಪಿಕೊಳ್ಳುವ ವೇಳೆಯಲ್ಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸಿರಬೇಕು. ಸುಮ್ಮನಿದ್ದು ಗೃಹಪ್ರವೇಶ ಮುಗಿಸಿ, ಕೊನೆಯ ಬಿಲ್ಲಿನ ಹೊತ್ತಿಗೆ ವಿಳಂಬದ ಲೆಕ್ಕ ತೆಗೆದರೆ ಹಕ್ಕು ಕೈತಪ್ಪಬಹುದು. ಗಡುವು ಮೀರಿದ ದಿನವೇ ಒಂದು ಪತ್ರ ಬರೆದು, ಅದು ತಲುಪಿದ್ದಕ್ಕೆ ದಾಖಲೆ ಇಟ್ಟುಕೊಳ್ಳಬೇಕು.

ಹೆಚ್ಚುವರಿ ಕೆಲಸ

'ಇಲ್ಲೊಂದು ಕಿಟಕಿ ಇಡಿ', 'ದೇವರ ಮನೆ ಸ್ವಲ್ಪ ದೊಡ್ಡದಾಗಲಿ', 'ತಾರಸಿಯ ಮೇಲೆ ಒಂದು ಕೋಣೆ ಇರಲಿ' ಎಂದು ಮನೆಯವರು ಬಂದಾಗಲೆಲ್ಲ ಹೇಳುವ ಮಾತುಗಳು ಕೊನೆಗೆ ಲಕ್ಷಗಳ ಬಿಲ್ಲಾಗಿ ಬರುತ್ತವೆ. ಲಿಖಿತ ಒಪ್ಪಿಗೆ ಇಲ್ಲವೆಂದು ಮಾಲೀಕ ಪೂರ್ತಿ ಕೈ ತೊಳೆದುಕೊಳ್ಳುವುದೂ ಸುಲಭವಲ್ಲ. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬ ಮಾಡಿದ ಕೆಲಸದ ಪ್ರಯೋಜನ ಪಡೆದವನು ಪರಿಹಾರ ಕೊಡಬೇಕೆಂದು 70ನೇ ಕಲಂ ಹೇಳುತ್ತದೆ.

ಇದಕ್ಕೆ ಪರಿಹಾರ ಒಂದು ಪುಸ್ತಕ. ಯಾವ ಬದಲಾವಣೆ, ಯಾರು ಕೇಳಿದರು, ಎಷ್ಟು ಖರ್ಚು ಹೆಚ್ಚು ಅಥವಾ ಕಡಿಮೆ, ಎಷ್ಟು ದಿನ ಹೆಚ್ಚು ಎಂದು ಬರೆದು ಇಬ್ಬರೂ ಸಹಿ ಮಾಡಿದ ನಂತರವೇ ಕೆಲಸ ಆರಂಭಿಸಬೇಕು. ಮಾಲೀಕರ ಮನೆಯಿಂದ ಆದೇಶ ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ ಎಂದು ಕರಾರಿನಲ್ಲಿ ಹೆಸರಿಸಬೇಕು. ವಾಟ್ಸ್‌ಆ್ಯಪ್ ಸಂದೇಶವೂ ದಾಖಲೆಯಾಗಬಲ್ಲದು. ಆದರೆ ಅದರಲ್ಲಿ ಮೊತ್ತವೂ ಸ್ಪಷ್ಟ ಒಪ್ಪಿಗೆಯೂ ಇರಬೇಕು.

ಮಂಜೂರಾದ ನಕ್ಷೆಗೆ ವಿರುದ್ಧವಾದ ಬದಲಾವಣೆಗಳನ್ನು ಯಾರೂ ಸೂಚಿಸುವಂತಿಲ್ಲ, ಮಾಡುವಂತಿಲ್ಲ ಎಂಬ ಷರತ್ತು ಅಗತ್ಯ. ನಕ್ಷೆ ಉಲ್ಲಂಘಿಸಿದ ಕಟ್ಟಡಗಳ ವಿರುದ್ಧ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕಟ್ಟುನಿಟ್ಟಿನ ನಿರ್ದೇಶನಗಳನ್ನು ನೀಡಿದೆ. ಬಿಟ್ಟ ಜಾಗದಲ್ಲಿ ಎರಡಡಿ ಮುಂದೆ ಬಂದ ಬಾಲ್ಕನಿಯ ಹೊಣೆ ಅಂತಿಮವಾಗಿ ಮಾಲೀಕನದೇ.

ಕೆಲಸ ನಡೆಯುವಾಗ

ಚೆನ್ನಾಗಿ ಬರೆದ ಕರಾರು ಕೂಡ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುನ್ನ ನೋಡಬೇಕು ಎಂಬುದು ಮೊದಲ ಪಾಠ. ಪಾಯದ ಆಳ ಮತ್ತು ಬೆಡ್ ಕಾಂಕ್ರೀಟ್, ಕಂಬ ಹಾಗೂ ತಾರಸಿಯ ಕಬ್ಬಿಣ, ಗೋಡೆಯೊಳಗಿನ ಪೈಪುಗಳನ್ನು ಎಂಜಿನಿಯರ್ ಪರಿಶೀಲಿಸಿ ಸಹಿ ಮಾಡದೆ ಮುಂದುವರಿಯುವಂತಿಲ್ಲ ಎಂದು ಬರೆದು, ಅದರಂತೆಯೇ ನಡೆಯಬೇಕು. ಪ್ರತಿ ಹಂತದ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಇಟ್ಟುಕೊಳ್ಳಬೇಕು.

ಕೆಲವು ಸರಳ ಪರೀಕ್ಷೆಗಳನ್ನು ಮಾಲೀಕರೇ ಮಾಡಬಹುದು. ಕಬ್ಬಿಣದ ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. 12 ಮಿ.ಮೀ. ಸರಳು ಮೀಟರಿಗೆ ಸುಮಾರು 0.89 ಕಿಲೋ ತೂಗುತ್ತದೆ. 12 ಮೀಟರ್ ಉದ್ದದ ಒಂದು ಸರಳಿಗೆ ಸುಮಾರು 10.66 ಕಿಲೋ. ತೂಕದ ಚೀಟಿಯಲ್ಲಿರುವುದನ್ನು ಸರಳುಗಳ ಎಣಿಕೆಯೊಡನೆ ತಾಳೆ ನೋಡಿದರೆ ಕೊರತೆ ತಿಳಿಯುತ್ತದೆ.

ಕಾಂಕ್ರೀಟ್ ಹಾಕುವ ದಿನ ಘನಾಕೃತಿಯ ಮಾದರಿಗಳನ್ನು ತೆಗೆದು 28 ದಿನಗಳ ನಂತರ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಸಾವಿರ ಚದರಡಿಯ, ಐದು ಇಂಚು ದಪ್ಪದ ತಾರಸಿಗೆ ತೊಲೆಗಳನ್ನು ಬಿಟ್ಟು ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. 6ರಿಂದ 15 ಘನ ಮೀಟರಿಗೆ ಎರಡು ಮಾದರಿ, ಮಾದರಿಗೆ ಮೂರು ಘನಾಕೃತಿಗಳು ಎಂಬುದು ಐಎಸ್ 456ರ ನಿಯಮ. ಪರೀಕ್ಷೆಯ ಖರ್ಚು ಯಾರದು, ಫಲಿತಾಂಶ ಕಡಿಮೆ ಬಂದರೆ ಏನು ಕ್ರಮ ಎಂಬುದು ಕರಾರಿನಲ್ಲಿರಬೇಕು.

ನೀರುಣಿಸುವ ಕೆಲಸದಲ್ಲಿ ಉದಾಸೀನ ಸಲ್ಲದು. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿಯಂತಹ ಮಿಶ್ರಣವಿರುವ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟನ್ನು ಒದ್ದೆಯಾಗಿಡಬೇಕು. ತಾರಸಿಯ ಕೆಳಗಿನ ಆಸರೆ ಕಂಬಗಳನ್ನು ಅಗಲ 4.5 ಮೀಟರ್‌ವರೆಗಿದ್ದರೆ 7 ದಿನ, ಹೆಚ್ಚಿದ್ದರೆ 14 ದಿನ ಕಳೆಯುವ ಮುನ್ನ ತೆಗೆಯಬಾರದು. ಸೆಂಟ್ರಿಂಗ್ ಬಾಡಿಗೆ ಉಳಿಸಲು ಅವಸರಪಡುವುದು ಅಪಾಯಕಾರಿ.

ಆಳುಗಳ ಸುರಕ್ಷತೆ, ಅಪಘಾತ ವಿಮೆ, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್, ತಾತ್ಕಾಲಿಕ ವಿದ್ಯುತ್ ಮತ್ತು ನೀರಿನ ಬಿಲ್ಲು, ಪಕ್ಕದ ಮನೆಗೆ ಹಾನಿಯಾದರೆ ದುರಸ್ತಿ, ಇವುಗಳಲ್ಲಿ ಯಾವುದು ಯಾರ ಹೊಣೆ ಎಂಬುದನ್ನೂ ಕರಾರು ಹೇಳಬೇಕು. ವಿಮಾ ಪತ್ರದ ಪ್ರತಿಯನ್ನು ಕೆಲಸ ಆರಂಭಕ್ಕೆ ಮುನ್ನವೇ ಪಡೆಯಬೇಕು. ಪಾಯ ಅಗೆಯುವ ಮುನ್ನ ಪಕ್ಕದ ಗೋಡೆಗಳ ಛಾಯಾಚಿತ್ರ ತೆಗೆದಿಟ್ಟರೆ, ಹಳೆಯ ಬಿರುಕಿಗೆ ಹೊಸ ಕಟ್ಟಡವನ್ನು ದೂರುವ ಪ್ರಮೇಯ ಬರುವುದಿಲ್ಲ.

ಕೆಲಸ ಅರ್ಧಕ್ಕೆ ನಿಂತರೆ

ಗುತ್ತಿಗೆದಾರ ಬರುವುದನ್ನೇ ನಿಲ್ಲಿಸಿದಾಗ ಸಿಟ್ಟಿನಲ್ಲಿ ಮರುದಿನವೇ ಬೇರೊಬ್ಬರನ್ನು ಕರೆತರುವುದು ಮಾಲೀಕರು ಮಾಡುವ ಸಾಮಾನ್ಯ ತಪ್ಪು. ಹೊಸಬರು ಕೈ ಹಾಕಿದ ಮೇಲೆ ಹಳಬರು ಎಷ್ಟು ಮಾಡಿದ್ದರು ಎಂಬುದನ್ನು ಸಾಬೀತುಪಡಿಸಲಾಗದು. ಮೊದಲು ಕಾರಣ ಸಹಿತ ಲಿಖಿತ ಸೂಚನೆ, ಸರಿಪಡಿಸಲು 15 ದಿನದಂತಹ ನಿಗದಿತ ಅವಕಾಶ, ನಂತರ ಜಂಟಿ ಅಳತೆಗೆ ಕರೆ, ಗುತ್ತಿಗೆದಾರ ಬಾರದಿದ್ದರೆ ಸ್ವತಂತ್ರ ಎಂಜಿನಿಯರರಿಂದ ಅಳತೆ ಮತ್ತು ಮೌಲ್ಯಮಾಪನ, ಆ ಬಳಿಕವೇ ಕರಾರು ರದ್ದತಿ ಎಂಬ ಕ್ರಮವನ್ನು ಬರೆದು ಅದನ್ನೇ ಪಾಲಿಸಬೇಕು. ಉಳಿದ ಕೆಲಸಕ್ಕೆ ತಗುಲಿದ ಹೆಚ್ಚುವರಿ ಖರ್ಚನ್ನು 73ನೇ ಕಲಮಿನಡಿ ಕೇಳಬಹುದು. ಆದರೆ ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ಕೇಳುವವರ ಕರ್ತವ್ಯವೂ ಹೌದು.

ಇದೇ ನ್ಯಾಯ ಗುತ್ತಿಗೆದಾರನಿಗೂ ಅನ್ವಯಿಸುತ್ತದೆ. ಬಾಕಿ ಬಾರದಿದ್ದಾಗ ಇಂತಿಷ್ಟು ದಿನದ ಸೂಚನೆ ಕೊಟ್ಟು ಕೆಲಸ ನಿಲ್ಲಿಸುವ ಹಕ್ಕನ್ನು ಕರಾರಿನಲ್ಲಿ ಪಡೆದುಕೊಂಡಿದ್ದರೆ, ಕೆಲಸ ಬಿಟ್ಟು ಓಡಿದನೆಂಬ ಆರೋಪದಿಂದ ಪಾರಾಗಬಹುದು.

ತಕರಾರು ಎಲ್ಲಿಗೆ?

ಮೊದಲ ಮೆಟ್ಟಿಲು ವಾಸ್ತುಶಿಲ್ಪಿ ಅಥವಾ ಇಬ್ಬರಿಗೂ ಒಪ್ಪಿಗೆಯಾದ ಹಿರಿಯ ಎಂಜಿನಿಯರರ ಸಮ್ಮುಖದ ಮಾತುಕತೆ. ಇದಕ್ಕೆ 15 ಅಥವಾ 30 ದಿನದ ಗಡುವು ಹಾಕಬಹುದು.

ಎರಡನೆಯದು 1996ರ ಕಾಯಿದೆಯ ಅನ್ವಯ ಮಧ್ಯಸ್ಥಿಕೆ. ಇದಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಮಧ್ಯಸ್ಥಗಾರರನ್ನು ತಾನೊಬ್ಬನೇ ನೇಮಿಸುವುದಾಗಿ ಒಂದು ಪಕ್ಷ ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ. ತಕರಾರಿನ ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕಪಕ್ಷೀಯವಾಗಿ ನೇಮಕ ಮಾಡುವಂತಿಲ್ಲ ಎಂದು ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ. ಸಣ್ಣ ಮೊತ್ತದ ತಕರಾರಿಗೆ ಮಧ್ಯಸ್ಥಿಕೆಯ ಶುಲ್ಕವೇ ಭಾರವಾಗಬಹುದು ಎಂಬುದನ್ನೂ ಯೋಚಿಸಬೇಕು.

ಮೂರನೆಯದು ಗ್ರಾಹಕ ಆಯೋಗ. ಮನೆ ನಿರ್ಮಾಣವೂ 'ಸೇವೆ'ಯೇ ಎಂಬುದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಲ್ಲಿ ಇತ್ಯರ್ಥವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಪಾವತಿಸಿದ ಮೊತ್ತ 50 ಲಕ್ಷ ರೂ.ವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ದೂರು ಸಲ್ಲಿಸಲು ಎರಡು ವರ್ಷ ಕಾಲಾವಕಾಶ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೂ ಗ್ರಾಹಕರ ಈ ಹಾದಿ ಮುಚ್ಚುವುದಿಲ್ಲವೆಂಬುದು ಎಮಾರ್ ಪ್ರಕರಣದಲ್ಲಿ 2018ರಲ್ಲಿ ಖಚಿತವಾಯಿತು.

ಬಾಕಿ ಹಣಕ್ಕಾಗಿ ಗುತ್ತಿಗೆದಾರ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಪಾವತಿಗೆ ದಿನ ನಿಗದಿಯಾಗದಿದ್ದಲ್ಲಿ, ಕೆಲಸ ಮುಗಿದ ದಿನದಿಂದ ಮೂರು ವರ್ಷ ಕಾಲಮಿತಿ. 'ಆರು ತಿಂಗಳ ನಂತರ ಯಾವುದೇ ಹಕ್ಕು ಕೇಳುವಂತಿಲ್ಲ' ಎಂಬಂತಹ ಷರತ್ತುಗಳು 28ನೇ ಕಲಮಿನ ಪ್ರಕಾರ ಅನೂರ್ಜಿತ.

ಅಂದಹಾಗೆ, 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಾಧಿಕಾರ, ಅಂದರೆ ರೇರಾ, ಇಲ್ಲಿ ನೆರವಿಗೆ ಬರುವುದಿಲ್ಲ. ಅದು ಮಾರಾಟಕ್ಕಾಗಿ ಕಟ್ಟುವ ಪ್ರವರ್ತಕರಿಗೆ ಸಂಬಂಧಿಸಿದ್ದು. ಸ್ವಂತ ನಿವೇಶನದಲ್ಲಿ ಕಟ್ಟಿಸುವ ಮಾಲೀಕನಿಗೆ ಆ ಕಾಯಿದೆಯ ರಕ್ಷಣೆ ಇಲ್ಲವಾದ್ದರಿಂದ ಕರಾರಿನ ಮಹತ್ವ ಹೆಚ್ಚು. ಆದರೂ ಆ ಕಾಯಿದೆ ಪ್ರವರ್ತಕರ ಮೇಲೆ ಹೊರಿಸಿರುವ ಐದು ವರ್ಷಗಳ ದೋಷ ಹೊಣೆಗಾರಿಕೆಯನ್ನು ಮಾದರಿಯಾಗಿ ತೆಗೆದುಕೊಂಡು, ಕಟ್ಟಡದ ರಚನೆಗೆ ಸಂಬಂಧಿಸಿದ ದೋಷಗಳಿಗೆ ಐದು ವರ್ಷ, ಸೋರಿಕೆ, ಪೈಪು, ವೈರಿಂಗ್, ಬಣ್ಣಕ್ಕೆ ಒಂದು ವರ್ಷ ಎಂದು ಕರಾರಿನಲ್ಲಿ ಬರೆಸಿಕೊಳ್ಳಬಹುದು.

ಸಹಿಗೆ ಮುನ್ನ ಗಮನಿಸಿ

* ಗುತ್ತಿಗೆದಾರ ಹಿಂದೆ ಕಟ್ಟಿದ ಕನಿಷ್ಠ ಎರಡು ಮನೆಗಳನ್ನು ನೋಡಿ, ಅಲ್ಲಿನ ಮಾಲೀಕರೊಂದಿಗೆ ಮಾತನಾಡಬೇಕು. ಅವುಗಳಲ್ಲಿ ಒಂದು ಎರಡು ಮಳೆಗಾಲ ಕಂಡ ಮನೆಯಾಗಿರಲಿ.
* ಅಳತೆಯ ವಿಧಾನ, ದರದಲ್ಲಿ ಸೇರಿದ್ದು, ಸೇರದ್ದು ಎಂಬ ಎರಡು ಪಟ್ಟಿಗಳು ಇರಬೇಕು.
* ತೆರಿಗೆ ಒಳಗೊಂಡ ದರವೇ ಎಂಬುದು ಸ್ಪಷ್ಟವಾಗಿರಬೇಕು.
* ಸಾಮಗ್ರಿಗಳಿಗೆ ಕಂಪನಿ, ದರ್ಜೆ, ಮೂಲ ಬೆಲೆ ನಮೂದಾಗಿರಬೇಕು.
* ಪಾವತಿ ಕೆಲಸದ ಹಂತಕ್ಕೆ ತಕ್ಕಂತಿದ್ದು, ಕನಿಷ್ಠ ಶೇ 5 ತಡೆಹಿಡಿದ ಹಣ ಉಳಿದಿರಬೇಕು.
* ಆರಂಭ, ನಡುವಿನ ಹಂತ ಹಾಗೂ ಮುಕ್ತಾಯದ ದಿನಾಂಕಗಳು, ವಿಳಂಬದ ಪರಿಹಾರ ಮತ್ತು ಅದರ ಆಧಾರ ಇರಬೇಕು.
* ಹೆಚ್ಚುವರಿ ಕೆಲಸಕ್ಕೆ ಲಿಖಿತ ಒಪ್ಪಿಗೆ ಕಡ್ಡಾಯವಾಗಿರಬೇಕು.
* ದೋಷ ದುರಸ್ತಿಯ ಅವಧಿ, ಕರಾರು ರದ್ದತಿಯ ಕ್ರಮ, ತಕರಾರು ಇತ್ಯರ್ಥದ ದಾರಿ ಬರೆದಿರಬೇಕು.
* ಹಸ್ತಾಂತರದ ವೇಳೆ ಪೈಪು ಹಾಗೂ ವೈರಿಂಗ್ ಸಾಗಿದ ದಾರಿಯ ನಕ್ಷೆ, ಪರೀಕ್ಷಾ ವರದಿಗಳು, ಪಂಪು ಮುಂತಾದವುಗಳ ಖಾತರಿ ಪತ್ರಗಳನ್ನು ಪಡೆಯಬೇಕು.

ಇಷ್ಟನ್ನು ಬರೆಯಲು ಎಂಟು ಹತ್ತು ಪುಟಗಳು ಬೇಕಾಗಬಹುದು. ಸಹಿಗೆ ಮುನ್ನ ಒಬ್ಬ ವಕೀಲರಿಗೂ ಒಬ್ಬ ಎಂಜಿನಿಯರಿಗೂ ತೋರಿಸಲು ಆಗುವ ಖರ್ಚು, ಮನೆಯ ಒಟ್ಟು ವೆಚ್ಚದ ಮುಂದೆ ಅತ್ಯಲ್ಪ.